ನೈರೋಬಿಗೆ ಹೋಗಿಬಂದ ಡಬ್ಬಗಳು

ಫೆಬ್ರವರಿ ಇಪ್ಪತ್ತೊಂದು, ಶುಕ್ರವಾರ. ಬೆಳಿಗ್ಗೆ ಎಂಟೂ ಹತ್ತಕ್ಕೆ ಜೆ.ಪಿ. ನಗರದ ಠಾಣೆಗೆ ಬಂದ ದೂರುದಾರ, ಕುರ್ಚಿಯಲ್ಲಿ ಕೂರುವ ಮೊದಲೇ, ತಾನು ಆಫ್ರಿಕಾಕ್ಕೆ ಹೋಗಿಬಂದವನೆಂದು ಹೇಳಿಕೊಂಡ. ಹೆಸರು, ವಿಳಾಸ, ಏನು ಕಳುವಾಗಿದೆ ಎಂಬುದೆಲ್ಲ ಆಮೇಲೆ ಬಂತು.

ಇನ್ಸ್‌ಪೆಕ್ಟರ್ ಸಿದ್ದಾರೂಢ ಟೀ ಲೋಟ ಕೆಳಗಿಟ್ಟು ಅವನನ್ನು ನೋಡಿದರು. ಇಪ್ಪತ್ತೇಳೆಂಟರ ವಯಸ್ಸು. ಕೊರಳಲ್ಲಿ ಕೆಂಪು, ಕಪ್ಪು ಮಣಿಗಳ ಸರ. ಮೊಣಕಾಲ ಹತ್ತಿರ ಹರಿದ ಪ್ಯಾಂಟು. ಹರಿದ ಜಾಗದಲ್ಲೂ ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು.

"ಮೊದಲ ಕುಂದ್ರಿ. ಹೆಸರು?"

"ಶ್ರೀಕರ್. ಬ್ಯಾಕ್‌ಪ್ಯಾಕರ್, ಸಾರ್."

"ಅದು ಅಡ್ಡಹೆಸರೇನು, ಉದ್ಯೋಗೇನು?"

"ಉದ್ಯೋಗ ಅಂತಲ್ಲ ಸಾರ್, ಅದೊಂದು ಥರ ಬದುಕೋ ರೀತಿ. ಹೆಗಲಿಗೆ ಒಂದು ಬ್ಯಾಗ್ ಹಾಕ್ಕೊಂಡು ದೇಶ ದೇಶ ಸುತ್ತೋದು. ಅಲ್ಲಿನ ಜನ ಹೆಂಗಿರ್ತಾರೋ ಹಂಗೇ ಇರೋದು. ಅವರು ತಿನ್ನೋದನ್ನೇ ತಿನ್ನೋದು. ಅದನ್ನ ವೀಡಿಯೊ ಮಾಡಿ ಹಾಕ್ತೀನಿ."

ಸಿದ್ದಾರೂಢ ನವಲಗುಂದದ ಕಡೆಯ ಹಳ್ಳಿಯವರು. ಅವರೂರಿನ ಕುರುಬರು ಮಳೆಗಾಲ ಮುಗಿದೊಡನೆ ಕಂಬಳಿ ಹೊದ್ದು, ಕುರಿ ಹೊಡೆದುಕೊಂಡು ಮೂರು ಜಿಲ್ಲೆ ದಾಟಿ ಹೋಗುತ್ತಿದ್ದರು. ಗೊತ್ತಿಲ್ಲದವರ ಹೊಲದಲ್ಲಿ ಮಲಗಿ, ಗೊತ್ತಿಲ್ಲದವರ ಬಾವಿಯ ನೀರು ಕುಡಿದು ಬೇಸಿಗೆಗೆ ಹಿಂದಿರುಗುತ್ತಿದ್ದರು. ಬಂದವರನ್ನು ಯಾರಾದರೂ "ಹೆಂಗಿತ್ತು?" ಎಂದರೆ "ಮೇವು ಚಲೋ ಇತ್ತು" ಎನ್ನುತ್ತಿದ್ದರು. ಅಷ್ಟೇ. ಅದೂ ಒಂದು ಬದುಕುವ ರೀತಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಎಷ್ಟು ದಿನ ಇದ್ರಿ?"

"ನೈರೋಬಿಯಲ್ಲಿ ನಾಲ್ಕು ದಿನ. ಬುಧವಾರ ಬೆಳಿಗ್ಗೆ ಬಂದೆ. ನಾಲ್ಕು ದಿನದಲ್ಲಿ ಆ ಸಿಟಿನ ಅರೆದು ಕುಡಿದುಬಿಟ್ಟೆ ಸಾರ್. ಬೆಳಗಿಂದ ರಾತ್ರಿವರೆಗೂ ರೋಡಲ್ಲೇ ಇರ್ತಿದ್ದೆ."

ದೂರಿನ ಸಾರಾಂಶ ಇಷ್ಟು. ಬೆನ್ನಿಗೆ ಹಾಕುವ ಬ್ಯಾಗು ತಯಾರಿಸುವ ಒಂದು ಕಂಪನಿ ಶ್ರೀಕರನ ಪ್ರಯಾಣದ ಖರ್ಚು ಕೊಟ್ಟಿತ್ತು. ಅವನು ಆ ಬ್ಯಾಗು ಹೊತ್ತು ನೈರೋಬಿ ಸುತ್ತಿದ ವೀಡಿಯೊವನ್ನು ಭಾನುವಾರ ಸಂಜೆ ಜಯನಗರದ ಒಂದು ಸಭಾಂಗಣದಲ್ಲಿ ತೋರಿಸಬೇಕಿತ್ತು. ಕ್ಯಾಮೆರಾ ಜಯನಗರ ನಾಲ್ಕನೇ ಬ್ಲಾಕಿನ ಚಕ್ರಪಾಣಿ ಎಂಬವರ ಅಂಗಡಿಯಿಂದ ಬಾಡಿಗೆಗೆ ತಂದದ್ದು. ಗುರುವಾರ ಸಂಜೆ ಶ್ರೀಕರನ ತಾಯಿ ಸುಧಾಮಣಿ ಚಿಕ್ಕಲಸಂದ್ರದಲ್ಲಿರುವ ತಂಗಿಯ ಮನೆಗೆ ಸೀಮಂತಕ್ಕೆಂದು ಹೋಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವನೂ ಹೋದ. ರಾತ್ರಿ ಇಬ್ಬರೂ ವಾಪಸು ಬಂದಾಗ ಹಿಂಬಾಗಿಲು ತೆರೆದಿತ್ತು. ಕ್ಯಾಮೆರಾ, ವೀಡಿಯೊಗಳೆಲ್ಲ ಇದ್ದ ಹಾರ್ಡ್ ಡಿಸ್ಕ್, ಕಂಪನಿಯ ಬ್ಯಾಗು ಮೂರೂ ಇರಲಿಲ್ಲ.

"ಬಂಗಾರ, ರೊಕ್ಕ?"

"ಅದೇನೂ ಮುಟ್ಟಿಲ್ಲ ಸಾರ್."

"ಯಾರ ಮ್ಯಾಲಾದ್ರೂ ಸಂಶಯ ಐತೇನು?"

ಶ್ರೀಕರ್ ಒಂದು ಕ್ಷಣ ತಲೆ ತಗ್ಗಿಸಿದ. ಹೇಳಲು ಮನಸ್ಸಿಲ್ಲದವನ ಹಾಗೆ ನಿಟ್ಟುಸಿರೂ ಬಿಟ್ಟ.

"ಹಂಗೆಲ್ಲ ಹೇಳ್ಬಾರ್ದು ಸಾರ್. ಆದ್ರೂ... ನಮ್ಮ ಟೆರೇಸ್ ರೂಮಲ್ಲಿ ಒಬ್ಬ ಬಾಡಿಗೆಗಿದ್ದಾನೆ. ವಾಫುಲಾ ಅಂತ. ಫಾರ್ಮಸಿ ಓದ್ತಿದ್ದಾನೆ. ಅವನು ನೈರೋಬಿಯವನೇ. ನಾನು ಅವರೂರಲ್ಲೇ ಇದ್ದು ಬಂದೋನಲ್ವಾ, ಆ ಜನ ಏನು ಅಂತ ನಂಗೆ ಗೊತ್ತು."

"ನಾಲ್ಕು ದಿನದಾಗ ಗೊತ್ತಾತು."

"ಹೌದು ಸಾರ್," ಎಂದ ಶ್ರೀಕರ್. ಚುಚ್ಚಿದ್ದು ಅವನಿಗೆ ತಾಗಲಿಲ್ಲ. "ಎಫ್‌ಐಆರ್ ಕಾಪಿ ಇವತ್ತೇ ಸಿಗುತ್ತಾ? ಕಂಪನಿಯವರಿಗೆ ಕಳಿಸ್ಬೇಕು. ಮೊಬೈಲಿಗೆ ಹಾಕಿದ್ರೂ ಸಾಕು."

ಕಳ್ಳತನದ ದೂರು ಕೊಡಲು ಬಂದವರು ಸಾಮಾನು ಯಾವಾಗ ಸಿಗುತ್ತದೆಂದು ಕೇಳುತ್ತಾರೆ. ಸಿಕ್ಕೇ ಸಿಗುತ್ತದಾ ಸಾರ್ ಎಂದು ಮತ್ತೆ ಮತ್ತೆ ಕೇಳಿ ತಲೆ ತಿನ್ನುತ್ತಾರೆ. ಇವನು ಅದನ್ನು ಒಮ್ಮೆಯೂ ಕೇಳಲಿಲ್ಲ. ಸಿದ್ದಾರೂಢ ಅದನ್ನು ಗಮನಿಸಿದರು. ಒಂಬತ್ತೂ ಐದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305 ಮತ್ತು 331ರ ಅಡಿ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ವೆಂಕಟಸ್ವಾಮಿ ರಸ್ತೆ ತುದಿಯ ಇಸ್ತ್ರಿ ಅಂಗಡಿಯವರನ್ನೂ ಎದುರುಮನೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರನ್ನೂ ಪಂಚರಾಗಿ ಕರೆತಂದಿದ್ದರು. ನಲವತ್ತು ವರ್ಷದ ಹಳೆಯ ಮನೆ. ಮುಂದೆ ಒಂದು ಸಂಪಿಗೆ ಮರ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ಟೆರೇಸಿಗೆ ಹೋಗುವ ಕಬ್ಬಿಣದ ಮೆಟ್ಟಿಲು.

ಹಿಂಬಾಗಿಲಿನ ಹೊರಚಿಲಕಕ್ಕೆ ಹಾಕಿದ್ದ ಬೀಗ ಹಾಗೇ ಇತ್ತು. ಚಿಲಕದ ಪಟ್ಟಿಯನ್ನೇ ಬಾಗಿಲಿಂದ ಕಳಚಿದ್ದರು. ಮರ ಎಲ್ಲೂ ಸೀಳಿರಲಿಲ್ಲ. ಕಳಚಿದ ನಾಲ್ಕು ಸ್ಕ್ರೂಗಳು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಒಂದು ಬಾಟಲಿಯ ಮುಚ್ಚಳದಲ್ಲಿ ಇದ್ದವು.

"ಭಾರಿ ಶಿಸ್ತಿನ ಕಳ್ಳ," ಎಂದರು ಸಿದ್ದಾರೂಢ. "ನಾಳೆ ಮತ್ತ ಕೂಡಿಸಾಕ ಬೇಕಾಗ್ತಾವು ಅಂತ ಜೋಪಾನ ಮಾಡಿಟ್ಟಾನ."

ವೆಂಕಟಸ್ವಾಮಿ ನಗಲಿಲ್ಲ. ಅವರ ಲಕ್ಷ್ಯ ಆಗಲೇ ಟೆರೇಸಿನ ಮೇಲಿತ್ತು. ಗೇಟಿನ ಬಳಿ ಅಕ್ಕಪಕ್ಕದ ಐದಾರು ಜನ ಸೇರಿದ್ದರು. ಅವರೆಲ್ಲರ ಲಕ್ಷ್ಯವೂ ಅಲ್ಲೇ ಇತ್ತು.

"ನಾನು ಆವಾಗ್ಲೇ ಹೇಳಿದ್ದೆ, ಇಂಥವರಿಗೆಲ್ಲ ಮನೆ ಕೊಡ್ಬೇಡಿ ಸುಧಾಮಣಿ ಅಂತ," ಎಂದರು ಒಬ್ಬ ಹೆಂಗಸು.

"ಬಾಡಿಗೆ ಜಾಸ್ತಿ ಕೊಡ್ತಾನಲ್ಲಮ್ಮ," ಎಂದ ಇನ್ನೊಬ್ಬ. "ನಮ್ಮೋರಿಗಿಂತ ಡಬಲ್ಲು. ಆಸೆ ಬಿಡುತ್ತಾ?"

ಎಲ್ಲರೂ ನಕ್ಕರು. ದುಪ್ಪಟ್ಟು ಬಾಡಿಗೆ ಕಿತ್ತುಕೊಂಡವರ ಬಗ್ಗೆಯೋ, ಕೊಟ್ಟವನ ಬಗ್ಗೆಯೋ, ಆ ನಗು ಯಾರ ಮೇಲಿನದೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ.

ಟೆರೇಸಿನಲ್ಲಿ ಒಂದು ಕೋಣೆ, ಕೋಣೆಗೆ ತಾಗಿದಂತೆ ನೀರಿನ ಟ್ಯಾಂಕು. ಟ್ಯಾಂಕಿನ ಹಿಂದೆ ಕೈಹಾಕಿದ ವೆಂಕಟಸ್ವಾಮಿ ಒಂದು ಹಸಿರು ಬ್ಯಾಗು ಎಳೆದರು. ಖಾಲಿ. ಮೇಲೆ ಕಂಪನಿಯ ಗುರುತು. ಕೆಳಗಿಂದ ಶ್ರೀಕರ್ "ಅದೇ, ಅದೇ ನನ್ನ ಬ್ಯಾಗು!" ಎಂದು ಕೂಗಿದ. ಗೇಟಿನ ಬಳಿ ಯಾರೋ ಚಪ್ಪಾಳೆ ಹೊಡೆದರು.

ಕೋಣೆಯ ಬಾಗಿಲು ತೆರೆದು ಬಂದ ಹುಡುಗ ಎತ್ತರಕ್ಕಿದ್ದ, ತೆಳ್ಳಗಿದ್ದ. ಕೈಯಲ್ಲಿ ಪುಸ್ತಕವಿತ್ತು. ಪೊಲೀಸರನ್ನೂ ಬ್ಯಾಗನ್ನೂ ಗೇಟಿನ ಜನರನ್ನೂ ಒಂದೊಂದಾಗಿ ನೋಡಿದ. ಅವನಿಗೆ ಎಲ್ಲವೂ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನಾನು ತಗೊಂಡಿಲ್ಲ ಸಾರ್," ಎಂದ ಕನ್ನಡದಲ್ಲಿ. "ಸೋಮವಾರ ಎಕ್ಸಾಮ್ ಇದೆ. ಲಾಸ್ಟ್ ಎಕ್ಸಾಮ್."

"ಎಕ್ಸಾಮ್ ಠಾಣೇಲಿ ಬರೀವಂತೆ, ನಡಿ," ಎಂದರು ವೆಂಕಟಸ್ವಾಮಿ.

ಕೋಣೆಯನ್ನು ಜಾಲಾಡಿದರು. ಪುಸ್ತಕಗಳು, ಒಂದು ಕುಕ್ಕರ್, ಗೋಡೆಗೆ ಒಂದು ಕ್ಯಾಲೆಂಡರ್. ಕ್ಯಾಮೆರಾವೂ ಇಲ್ಲ, ಹಾರ್ಡ್ ಡಿಸ್ಕೂ ಇಲ್ಲ. ಬ್ಯಾಗನ್ನು ಜಪ್ತಿ ಮಾಡಿ, ಪಂಚರ ಸಹಿ ತೆಗೆದುಕೊಂಡು, ವಾಫುಲಾನನ್ನು ವಿಚಾರಣೆಗೆ ಕರೆದೊಯ್ದರು. ಮೆಟ್ಟಿಲಿಳಿದು ಬಂದ ಅವನಿಗೆ ದಾರಿ ಬಿಡುವಾಗ ಗೇಟಿನ ಹೆಂಗಸರು ಸೀರೆಯ ಸೆರಗು ಹಿಂದಕ್ಕೆಳೆದುಕೊಂಡರು.

ಮಧ್ಯಾಹ್ನ ಹನ್ನೆರಡು ಗಂಟೆ. ಠಾಣೆಯ ಒಳಕೋಣೆ.

"ಸಾರ್, ವಿದೇಶಿಯರ ನೋಂದಣಿ ಕಚೇರಿಗೆ ಒಂದು ಲೆಟರ್ ಹಾಕಿಬಿಡೋಣ," ಎಂದರು ವೆಂಕಟಸ್ವಾಮಿ. "ಕೇಸಾಯ್ತು ಅಂದ್ರೆ ವೀಸಾ ಕ್ಯಾನ್ಸಲ್. ಅವರೇ ಪ್ಲೇನ್ ಹತ್ತಿಸ್ತಾರೆ. ನಮಗೂ ತಲೆನೋವಿಲ್ಲ."

ಅದು ವಾಫುಲಾನಿಗೂ ಗೊತ್ತಿತ್ತು. ಬೆಂಚಿನ ತುದಿಯಲ್ಲಿ ಕೂತಿದ್ದ ಅವನು ಎರಡೂ ಅಂಗೈಗಳನ್ನು ಮೊಣಕಾಲಿಗೆ ಒತ್ತಿ ಹಿಡಿದಿದ್ದ. ನಾಲ್ಕು ವರ್ಷದ ಓದು ಸೋಮವಾರ ಒಂದೇ ದಿನದಲ್ಲಿ ಮುಗಿಯುವುದಿತ್ತು. ಆ ದಿನ ತಪ್ಪಿದರೆ ಮತ್ತೆ ಬರೆಯಲು ಅವನು ಈ ದೇಶದಲ್ಲೇ ಇರುವುದಿಲ್ಲ.

"ನಿನ್ನೆ ಸಂಜೆ ಎಲ್ಲಿದ್ದಿ?" ಸಿದ್ದಾರೂಢ ಕೇಳಿದರು.

"ರೂಮಲ್ಲಿ ಸಾರ್. ಓದ್ತಿದ್ದೆ."

"ಕೆಳಗ ಏನಾದ್ರೂ ಸಪ್ಪಳ ಕೇಳ್ತೇನು?"

"ಆಂಟಿ ಹೋದ್ರು. ಆಮೇಲೆ ಯಾರೋ ಮೆಟ್ಟಿಲು ಹತ್ತಿ ಟ್ಯಾಂಕ್ ಹತ್ರ ಬಂದ್ರು. ಶ್ರೀಕರ್ ಅನ್ಕೊಂಡೆ. ದಿನಾ ನೀರು ನೋಡಕ್ಕೆ ಬರ್ತಾನೆ."

"ಅವನಿಗೂ ನಿನಗೂ ಜಗಳ ಏನಾದ್ರೂ?"

ವಾಫುಲಾ ತಡವರಿಸಿದ. ಮುಂದಿನದನ್ನು ಇಂಗ್ಲಿಷಿನಲ್ಲಿ ಹೇಳಿದ. ಜಗಳ ಏನೂ ಇರಲಿಲ್ಲ. ಶ್ರೀಕರ್ ನೈರೋಬಿಗೆ ಹೊರಟಾಗ ವಾಫುಲಾ ತನ್ನ ಸೋದರತ್ತೆ ನೆಲಿಮಾಳ ಫೋನ್ ನಂಬರು ಕೊಟ್ಟಿದ್ದ. ಆಕೆ ಅಲ್ಲಿ ಬಟ್ಟೆ ಹೊಲಿಯುವವಳು. ಬೆಂಗಳೂರಿನಿಂದ ಹುಡುಗ ಬರುತ್ತಾನೆಂದು ಮೊದಲ ದಿನವೇ ಅಡುಗೆ ಮಾಡಿ ಕಾದಳು. ಶ್ರೀಕರ್ ಫೋನ್ ಮಾಡಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ, ಹುಡುಗನಿಗೆ ಏನಾಯಿತೋ ಎಂದು, ಆಕೆಯೇ ವಾಫುಲಾನಿಂದ ವಿಳಾಸ ಕೇಳಿಕೊಂಡು ಅವನು ಉಳಿದಿದ್ದ ಹಾಸ್ಟೆಲಿಗೆ ಹೋದಳು.

"ಅವನು ಎಲ್ಲೂ ಹೋಗಿರಲಿಲ್ಲ ಸಾರ್. ಬಂದಾಗಿನಿಂದ ರೂಮಿನ ಬಾಗಿಲು ತೆಗೆದಿಲ್ಲ ಅಂತ ಹಾಸ್ಟೆಲಿನವರು ಹೇಳಿದರಂತೆ. ವಾಪಸು ಬಂದ ದಿನ ನಾನು ಕೇಳಿದೆ, ಯಾಕೆ ಹುಷಾರಿರಲಿಲ್ವಾ ಅಂತ. ಆಗಿನಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ."

ವೆಂಕಟಸ್ವಾಮಿ ಮೂಗಿನಲ್ಲೇ ನಕ್ಕರು. "ಅತ್ತೆ ಹೇಳಿದ್ರಂತೆ, ಮುಗೀತು. ಸಾರ್, ಆಕೆ ಇವನ ಪರ ಹೇಳ್ದೆ ಇನ್ಯಾರ ಪರ ಹೇಳ್ತಾಳೆ? ಆ ಹುಡುಗ ದಿನಾ ಫೋಟೊ ಹಾಕಿದ್ದಾನೆ. ನನ್ನ ಮಗಳೂ ನೋಡಿದ್ಲು."

"ಎಲ್ಲಿ, ತೋರಸ್ರಿ."

ವೆಂಕಟಸ್ವಾಮಿ ಮೊಬೈಲು ತೆರೆದರು. ನೈರೋಬಿಯ ಫೋಟೊಗಳು ಹನ್ನೊಂದಿದ್ದವು. 'ಈ ನಗರ ದುರ್ಬಲರಿಗಲ್ಲ' ಎಂದು ಒಂದರ ಕೆಳಗೆ. 'ಇಲ್ಲಿ ಕಣ್ಣು ಮಿಟುಕಿಸಿದರೆ ಜೇಬು ಖಾಲಿ' ಎಂದು ಇನ್ನೊಂದರ ಕೆಳಗೆ. 'ಬೀದಿಯೇ ನನ್ನ ಮನೆ' ಎಂದು ಮತ್ತೊಂದರ ಕೆಳಗೆ. ಸಾವಿರಾರು ಜನ ಹೃದಯದ ಚಿತ್ರ ಒತ್ತಿದ್ದರು. ಸಿದ್ದಾರೂಢ ಬರಹ ಬಿಟ್ಟು ಚಿತ್ರಗಳನ್ನಷ್ಟೇ ನೋಡಿದರು. ಬೆಳಿಗ್ಗೆಯ ಬೀದಿ, ಸಂಜೆಯ ಬೀದಿ, ಮಳೆಯಲ್ಲಿ ನೆನೆದ ಬೀದಿ. ಎಲ್ಲದರಲ್ಲೂ ಅದೇ ನೀಲಿ ತಗಡಿನ ಅಂಗಡಿ, ಅದೇ ವಿದ್ಯುತ್ ಕಂಬ. ಎಲ್ಲವೂ ಮೇಲಿನಿಂದ ತೆಗೆದವು. ನಾಲ್ಕರಲ್ಲಿ ಕಿಟಕಿಯ ಸರಳೂ ಬಿದ್ದಿತ್ತು.

ಅವರು ಮೊಬೈಲು ಹಿಂದಿರುಗಿಸಿದರು. "ಬೀದಿ ಇವನ ಮನಿ ಅಂತ. ಆದರ ಬೀದಿಗೆ ಕಾಲಿಟ್ಟ ಒಂದ ಫೋಟೊ ಇಲ್ಲ. ಈ ಹುಡುಗಗ ಊಟ ಕೊಡಸ್ರಿ. ಲೆಟರ್ ಈಗ ಬ್ಯಾಡ."

"ಸಾರ್, ಬ್ಯಾಗು ಅವನ ಬಾಗಿಲಲ್ಲೇ ಸಿಕ್ತಲ್ಲ..."

"ಕದ್ದಾಂವ ಖಾಲಿ ಬ್ಯಾಗ ತನ್ನ ಬಾಗಿಲಿಗೇ ತೋರಣ ಕಟ್ಟತಾನೇನ್ರೀ? ಅಷ್ಟು ದಡ್ಡ ಇದ್ರ ನಾಲ್ಕು ವರ್ಷ ಫಾರ್ಮಸಿ ಹೆಂಗ ಓದ್ಯಾನು?"

ವೆಂಕಟಸ್ವಾಮಿ ಊಟ ತರಿಸಲು ಎದ್ದರು. ಒಪ್ಪಿ ಎದ್ದದ್ದಲ್ಲ. ಮೇಲಧಿಕಾರಿ ಉತ್ತರ ಕರ್ನಾಟಕದವರು, ಬೆಂಗಳೂರು ಗೊತ್ತಿಲ್ಲ ಎಂಬಂತಿತ್ತು ಅವರು ಎದ್ದು ಹೋದ ರೀತಿ.

ನಾಲ್ಕು ಗಂಟೆಗೆ ಇಬ್ಬರೂ ಮತ್ತೆ ಸುಧಾಮಣಿಯ ಮನೆಗೆ ಹೋದರು. ಶ್ರೀಕರ್ ಇರಲಿಲ್ಲ. ಕಂಪನಿಯವರನ್ನು ನೋಡಲು ಜಯನಗರಕ್ಕೆ ಹೋಗಿದ್ದ, ಎಫ್‌ಐಆರ್ ಪ್ರತಿ ಹಿಡಿದುಕೊಂಡು.

ಸುಧಾಮಣಿ ಐವತ್ತೈದರ ಆಸುಪಾಸಿನವರು. ಕಾಫಿ ತಂದಿಟ್ಟರು. ಮೇಲಿನ ಹುಡುಗ ಒಪ್ಪಿಕೊಂಡನೇ ಎಂದು ವಿಚಾರಿಸಿದರು. ಒಪ್ಪಿಕೊಂಡರೆ ಸಾಕು, ಹೊಡೆಯಬೇಡಿ ಎಂದೂ ಹೇಳಿದರು. ತಮ್ಮ ಒಳ್ಳೆಯತನದಿಂದ ಅವರಿಗೇ ಸ್ವಲ್ಪ ಸಮಾಧಾನವಾದಂತೆ ಕಂಡಿತು.

"ಮಗ ಅಲ್ಲಿ ಊಟಕ್ಕೇನು ಮಾಡಿದ್ನಂತ್ರಿ?" ಸಿದ್ದಾರೂಢ ಕಾಫಿ ಕುಡಿಯುತ್ತ, ಊರಿನ ಸಮಾಚಾರ ಕೇಳುವಂತೆ ಕೇಳಿದರು.

"ಅಯ್ಯೋ, ಅದೇ ನಂಗೆ ಯೋಚನೆ ಆಗಿತ್ತು. ನಮ್ಮ ಹುಡುಗನಿಗೆ ಹೊರಗಿನ ಊಟ ಆಗಲ್ಲ ಸಾರ್. ಮೈಸೂರಿಗೆ ಹೋದ್ರೂ ನಾನು ಡಬ್ಬಿ ಕಟ್ಟಬೇಕು. ಬೇಡ ಬೇಡ ಅಂದ್ರೂ ಬಿಡದೆ ಎಲ್ಲ ಮಾಡಿ ಕಳಿಸಿದೆ. ಗೊಜ್ಜವಲಕ್ಕಿ, ಹುರಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಕೊಬ್ಬರಿಮಿಠಾಯಿ. ಬಿಸಿನೀರಿಗೆ ಕೆಟಲ್ಲೂ ಇಟ್ಟಿದ್ದೆ. ವಾರಕ್ಕಾಗೋಷ್ಟು."

"ವಾಪಸ್ ಏನೇನು ಬಂತು?"

"ಏನೂ ಇಲ್ಲ!" ಸುಧಾಮಣಿಯ ಮುಖ ಅರಳಿತು. ಎದ್ದು ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಡಬ್ಬಗಳನ್ನು ತೋರಿಸಿದರು. ದೊಡ್ಡವು, ಚಿಕ್ಕವು, ಸ್ಟೀಲಿನವು, ಪ್ಲಾಸ್ಟಿಕ್ಕಿನವು. "ಒಂದು ಚೂರು ಉಳಿಸಿಲ್ಲ ನೋಡಿ. ಮನೇಲಿದ್ದಾಗ ಇಷ್ಟು ಚೆನ್ನಾಗಿ ತಿನ್ನಲ್ಲ."

"ಅಲ್ಲಿ ಗೆಳ್ಯಾರಿಗೆ ಹಂಚಿರಬೇಕು."

"ಯಾರು, ಶ್ರೀಕರನಾ? ಕೋಡುಬಳೇನ ನಂಗೇ ಕೊಡಲ್ಲ ಅವನು." ಆಕೆ ನಕ್ಕರು.

ಸಿದ್ದಾರೂಢರೂ ಸ್ವಲ್ಪ ನಕ್ಕರು. ವೆಂಕಟಸ್ವಾಮಿ ಮಾತ್ರ ಡಬ್ಬಗಳನ್ನೇ ನೋಡುತ್ತ ನಿಂತಿದ್ದರು. ಬೆಳಿಗ್ಗೆ ಠಾಣೆಯಲ್ಲಿ ಶ್ರೀಕರ್ ಹೇಳಿದ್ದು ಅವರ ಕಿವಿಯ ಮೇಲೂ ಬಿದ್ದಿತ್ತು: ಅವರು ತಿನ್ನೋದನ್ನೇ ತಿನ್ನೋದು. ವಾರಕ್ಕಾಗುವ ಗೊಜ್ಜವಲಕ್ಕಿಯನ್ನು ನಾಲ್ಕು ದಿನದಲ್ಲಿ ಮುಗಿಸಬೇಕಾದರೆ ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ರಾತ್ರಿ ಅದೇ. ಬಿಸಿನೀರಿನ ಕೆಟಲ್ಲು ಬೀದಿಯಲ್ಲಿ ಇರುವುದಿಲ್ಲ.

"ಆ ಹುಡುಗನ ಅತ್ತೆ ನಂಬರ್ ಐತಲ್ರೀ, ಫೋನ್ ಹಚ್ರಿ," ಎಂದರು ಸಿದ್ದಾರೂಢ.

ಅವರು ಹೊರಗೆ ಬಂದು ಸಂಪಿಗೆ ಮರದ ಕೆಳಗೆ ನಿಂತರು. ನೈರೋಬಿಯಲ್ಲಿ ಆಗ ಮಧ್ಯಾಹ್ನ. ಫೋನಿನ ಪರದೆಯ ಮೇಲೆ ನೆಲಿಮಾ ಹೊಲಿಗೆ ಯಂತ್ರದ ಹಿಂದೆ ಕಾಣಿಸಿದಳು, ಕೊರಳಲ್ಲಿ ಅಳತೆಯ ಟೇಪು. ಸಿದ್ದಾರೂಢ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು, ಆಕೆ ಆಕೆಯ ಇಂಗ್ಲಿಷಿನಲ್ಲಿ ಹೇಳಿದಳು.

"ಚಪಾತಿ, ಹುರುಳಿಕಾಯಿ ತೆಗೆದುಕೊಂಡು ಹೋಗಿದ್ದೆ. ಮಾಂಸ ತಿನ್ನುವುದಿಲ್ಲ ಎಂದು ನಮ್ಮ ಹುಡುಗ ಮೊದಲೇ ಹೇಳಿದ್ದ. ಬಾಗಿಲು ನಾಲ್ಕು ಬೆರಳಿನಷ್ಟು ತೆಗೆದ, ಸರಪಳಿ ತೆಗೆಯಲಿಲ್ಲ. ಬೇಡ, ನನ್ನಮ್ಮ ಮಾಡಿದ್ದು ಇದೆ ಎಂದ. ನಾನು ಊರು ತೋರಿಸುತ್ತೇನೆ, ಜೊತೆಗೆ ಬರುತ್ತೇನೆ ಎಂದೆ. ನನ್ನ ಕೈಯನ್ನೇ ನೋಡುತ್ತಿದ್ದ, ಚಾಕು ಇದೆಯೋ ಏನೋ ಎನ್ನುವ ಹಾಗೆ. ಹದಿನೇಳು ವರ್ಷದಿಂದ ಮದುವಣಗಿತ್ತಿಯರಿಗೆ ಬಟ್ಟೆ ಹೊಲಿಯುತ್ತಿದ್ದೇನೆ ಸಾಹೇಬರೇ. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ." ಆಮೇಲೆ ಕೇಳಿದಳು: "ನಮ್ಮ ಹುಡುಗ ಎಲ್ಲಿದ್ದಾನೆ? ಯಾಕೆ ಫೋನ್ ಎತ್ತುತ್ತಿಲ್ಲ?"

"ಊಟ ಮಾಡಾಕತ್ತಾನ," ಎಂದುಬಿಟ್ಟರು ಸಿದ್ದಾರೂಢ ಕನ್ನಡದಲ್ಲಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಸೋಮವಾರ ಪರೀಕ್ಷೆ ಬರೆಯುತ್ತಾನೆ ಎಂದೂ ಹೇಳಿದರು.

ಅವಳು ಹೇಳಿದ 'ನನ್ನಮ್ಮ ಮಾಡಿದ್ದು' ಎಂಬ ಮಾತಿಗೆ ಸಾಕ್ಷಿ ಒಳಗೆ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ವೆಂಕಟಸ್ವಾಮಿ ಒಮ್ಮೆ ಕೆಮ್ಮಿದರು.

"ಹಂಗಾದ್ರೆ ಕ್ಯಾಮೆರಾ ಎಲ್ಲಿ ಸಾರ್?"

"ಭಾನುವಾರ ತೋರಸಾಕ ವೀಡಿಯೊನಽ ಇಲ್ಲ, ಅದಕ್ಕ ಈ ಕಳವಿನ ನಾಟಕ. ಮಾರಾಕ ಧೈರ್ಯ ಇಲ್ಲ, ಒಗಿಯಾಕ ಮನಸ್ಸಿಲ್ಲ. ಓಣಿ ತುದಿಗೆ ಹೋಗಿ ಬರೂದಕ್ಕೂ ಡಬ್ಬಿ ಕಟ್ಟಿಸಿಕೊಳ್ಳು ಮನಷ್ಯಾ. ಮನ್ಯಾಗ ಇರಬೇಕು."

ಸುಧಾಮಣಿಯ ಒಪ್ಪಿಗೆ ಪಡೆದು, ಬೆಳಗಿನ ಪಂಚರನ್ನೇ ಕರೆಸಿ ಶ್ರೀಕರನ ಕೋಣೆ ನೋಡಿದರು. ಗೋಡೆಯ ಮೇಲೆ ಭೂಪಟ. ಹೋಗಿಬಂದ ದೇಶಗಳಿಗೆ ಕೆಂಪು ಗುಂಡುಸೂಜಿ ಚುಚ್ಚಿತ್ತು. ಕಪಾಟಿನಲ್ಲಿ ಏನೂ ಇರಲಿಲ್ಲ. ಮಂಚದ ಕೆಳಗೆ ಬಗ್ಗಿದ ವೆಂಕಟಸ್ವಾಮಿ ಒಂದು ಗಂಟು ಹೊರಗೆಳೆದರು. ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸುತ್ತಿದ ಏನೋ ಒಂದು. ಬಿಚ್ಚಿದರೆ ಎರಡು ಮರದ ಗೊಂಬೆಗಳು, ರಾಜ ಮತ್ತು ರಾಣಿ. ಕೆಂಪು ಚಂದನದ ಮರ, ಕಣ್ಣಿಗೆ ಬಿಳಿ ಬಣ್ಣ, ಮೈಮೇಲೆ ಜರಿಯ ಬಟ್ಟೆ.

ಸುಧಾಮಣಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಪಟ್ಟದ ಗೊಂಬೆ! ಇದ್ಯಾಕೆ ಇಲ್ಲಿದೆ? ವಿಜಯದಶಮಿ ರಾತ್ರಿ ಮಲಗಿಸಿ ನಾನೇ ಪೆಟ್ಟಿಗೇಲಿ ಇಟ್ಟಿದ್ದು. ನವರಾತ್ರಿ ತನಕ ಅದನ್ನ ಯಾರೂ ಮುಟ್ಟಲ್ಲ."

"ಪೆಟ್ಟಿಗಿ ಎಲ್ಲೈತ್ರಿ?"

ಆಕೆ ತಲೆಯೆತ್ತಿ ಅಟ್ಟದ ಕಡೆ ನೋಡಿದರು. ಒಂದು ಕ್ಷಣದ ಮೊದಲು ಅವರಿಗೆ ಗೊಂಬೆಯ ಚಿಂತೆಯಾಗಿತ್ತು. ಈಗ ಅವರ ಮುಖ ಬೇರೆಯಾಯಿತು.

ತಗಡಿನ ಟ್ರಂಕನ್ನು ಕೆಳಗಿಳಿಸಿದರು. ಮುಚ್ಚಳದ ಮೇಲಿನ ನಾಲ್ಕು ತಿಂಗಳ ಧೂಳಿನಲ್ಲಿ ಬೆರಳುಗಳು ಎಳೆದ ಗೆರೆಗಳಿದ್ದವು. "ನೀವಽ ತಗೀರಿ ತಾಯಿ," ಎಂದರು ಸಿದ್ದಾರೂಢ, ಕೈ ಹಿಂದಕ್ಕೆ ಕಟ್ಟಿಕೊಂಡು. "ದೇವರ ಸಾಮಾನು. ನಾವು ಮುಟ್ಟೂದಿಲ್ಲ."

ಸುಧಾಮಣಿ ಒಂದೊಂದೇ ಗಂಟು ತೆಗೆದಿಟ್ಟರು. ಶೆಟ್ಟರ ಅಂಗಡಿ, ದಶಾವತಾರ, ಮದುವೆಯ ದಿಬ್ಬಣ. ರಾಜ ರಾಣಿ ಮಲಗಬೇಕಾದ ಮೂಲೆಯಲ್ಲಿ ಒಂದು ಟರ್ಕಿ ಟವೆಲು. ಟವೆಲಿನಲ್ಲಿ ಕ್ಯಾಮೆರಾ, ಅದರ ಪಕ್ಕದಲ್ಲಿ ಹಾರ್ಡ್ ಡಿಸ್ಕ್.

ಇಸ್ತ್ರಿ ಅಂಗಡಿಯವರು ಮೊದಲು ಮಾತಾಡಿದರು. "ಥೂ," ಎಂದರು.

ಸಂಜೆ ಐದೂಕಾಲಿಗೆ ಜಪ್ತಿ ಪಂಚನಾಮೆ ಮುಗಿಯಿತು. ಠಾಣೆಗೆ ಬಂದ ಚಕ್ರಪಾಣಿ ಕ್ಯಾಮೆರಾದ ನಂಬರು ನೋಡಿ ತನ್ನದೇ ಎಂದರು. ಒಳಗಿನ ಕಾರ್ಡು ತೆರೆದು ನೋಡಿದರು. ಅಂಗಡಿಯಲ್ಲಿ ಪರೀಕ್ಷೆಗೆಂದು ಅವರೇ ತೆಗೆದಿದ್ದ ಒಂದು ಫ್ಯಾನಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಹಾರ್ಡ್ ಡಿಸ್ಕ್ ಬರಿದಾಗಿತ್ತು.

"ಕಳುವಾಯ್ತು ಅಂತ ಬೆಳಿಗ್ಗೆ ನಂಗೂ ಎಫ್‌ಐಆರ್ ಕಳಿಸಿದ್ದ ಸಾರ್," ಎಂದರು ಚಕ್ರಪಾಣಿ. "ಆಫ್ರಿಕಾದೋರನ್ನ ನಂಬಬೇಡಿ ಅಣ್ಣ ಅಂತ ಒಂದು ಬುದ್ಧಿಮಾತೂ ಹೇಳಿದ್ದ."

ಚಕ್ರಪಾಣಿಯ ದೂರಿನ ಮೇಲೆ ನಂಬಿಕೆ ದ್ರೋಹದ ಎರಡನೆಯ ಎಫ್‌ಐಆರ್ ಆಯಿತು. ಸುಳ್ಳು ದೂರು ಕೊಟ್ಟು, ಸುಳ್ಳು ಸಾಕ್ಷ್ಯ ಇಟ್ಟು ಇನ್ನೊಬ್ಬನನ್ನು ಸಿಕ್ಕಿಸಲು ನೋಡಿದ್ದಕ್ಕೆ ನ್ಯಾಯಾಲಯಕ್ಕೆ ಪ್ರತ್ಯೇಕ ವರದಿ. ಆರೂವರೆಗೆ ಶ್ರೀಕರ್ ಮನೆಯ ಗೇಟು ತೆರೆದು ಒಳಬಂದಾಗ ಸಂಪಿಗೆ ಮರದ ಕೆಳಗೆ ವೆಂಕಟಸ್ವಾಮಿ ನಿಂತಿದ್ದರು.

"ಬಾ ಗುರು," ಎಂದರು. "ಇನ್ನೊಂದು ಹೊಸ ಜಾಗ ನೋಡೋಣ. ಇದರ ಫೋಟೊನೂ ಕಿಟಕಿಯಿಂದಾನೇ ತೆಗೀಬೇಕು."

ಸಾಕ್ಷ್ಯ ತಿರುಚಿದವನು ಮತ್ತೆಯೂ ತಿರುಚಬಹುದೆಂದು ಕಾರಣ ಬರೆದು ದಸ್ತಗಿರಿ ಮಾಡಿದರು. ಗೇಟಿನ ಬಳಿ ಬೆಳಗಿನ ಜನವೇ ಸೇರಿದ್ದರು. ಈ ಸಲ ಯಾರೂ ಸೆರಗು ಎಳೆದುಕೊಳ್ಳಲಿಲ್ಲ. "ಪಾಪ, ಒಳ್ಳೆ ಹುಡುಗ, ಏನೋ ಗ್ರಹಚಾರ," ಎಂದರು ಬೆಳಿಗ್ಗೆ ಬುದ್ಧಿ ಹೇಳಿದ್ದ ಹೆಂಗಸು.

ಠಾಣೆಯಲ್ಲಿ ಶ್ರೀಕರ್ ಮೊದಲು ತನಗೇನೂ ಗೊತ್ತಿಲ್ಲವೆಂದ. ಆಮೇಲೆ ಕ್ಯಾಮೆರಾವನ್ನು ಗೊಂಬೆಪೆಟ್ಟಿಗೆಯಲ್ಲಿ ವಾಫುಲಾನೇ ಇಟ್ಟಿರಬೇಕೆಂದ. ಸಿದ್ದಾರೂಢ ಕಾದರು. ಹೊಲದ ಬದುವಿನ ಮೇಲೆ ಕೂತು ನೀರು ಬರುವುದನ್ನು ಕಾಯುವವರ ಹಾಗೆ.

"ಏರ್‌ಪೋರ್ಟಿಂದ ಟ್ಯಾಕ್ಸೀಲಿ ಹಾಸ್ಟೆಲಿಗೆ ಹೋದೆ ಸಾರ್," ಎಂದ ಕೊನೆಗೆ. "ಹೋಗೋ ಮುಂಚೆ ಇಂಟರ್‌ನೆಟ್ಟಲ್ಲಿ ಎಲ್ಲ ನೋಡಿದ್ದೆ. ಅಲ್ಲಿ ಕುತ್ತಿಗೆ ಕುಯ್ತಾರೆ, ಇಲ್ಲಿ ಕಿತ್ಕೋತಾರೆ ಅಂತ. ನಾಳೆ ಹೋಗೋಣ ಅಂತ ಮಲಗಿದೆ. ನಾಳೆನೂ ಹಂಗೇ ಆಯ್ತು. ಕಿಟಕಿ ಹತ್ರಾನೇ ಕೂತಿದ್ದೆ."

"ಏನು ಕಾಣ್ತಿತ್ತು?"

"ಕೆಳಗೆ ಒಬ್ಬ ಮುದುಕಿ ಮೆಕ್ಕೆಜೋಳ ಸುಡ್ತಿದ್ಲು ಸಾರ್. ಯೂನಿಫಾರ್ಮ್ ಹಾಕ್ಕೊಂಡ ಮಕ್ಕಳು ತಗೊಳ್ಳೋರು. ದಿನಾ ಒಂದ್ಸಲ ತಲೆಯೆತ್ತಿ ನನ್ನ ನೋಡೋಳು. ಮೂರನೇ ದಿನ ಒಂದು ತೆನೆ ಎತ್ತಿ ತೋರ್ಸಿ, ಬಾ ಅಂತ ಕೈ ಮಾಡಿದ್ಲು."

"ನೀ ಏನು ಮಾಡ್ದಿ?"

"ಕರ್ಟನ್ ಎಳ್ದೆ."

ಸಿದ್ದಾರೂಢ ಇಪ್ಪತ್ತು ವರ್ಷದ ನೌಕರಿಯಲ್ಲಿ ಹಸಿವಿಗೆ ಕದ್ದವರನ್ನು, ಸಿಟ್ಟಿಗೆ ಕೊಂದವರನ್ನು ಕಂಡಿದ್ದರು. ಅವರಲ್ಲಿ ಕೆಲವರ ಮೇಲೆ ಅವರಿಗೆ ಕರುಣೆಯೂ ಬಂದದ್ದಿತ್ತು. ಎರಡು ಮಹಡಿಯ ಮೆಟ್ಟಿಲು ಇಳಿಯಲಾರದೆ, ಇಳಿಯಲಿಲ್ಲವೆಂದು ಹೇಳಲೂ ಆಗದೆ, ತನ್ನ ಹೆದರಿಕೆಯನ್ನು ಕಣ್ಣಾರೆ ಕಂಡ ನೆಲಿಮಾಳ ಮನೆಯ ಹುಡುಗನನ್ನೇ ಕಳ್ಳ ಮಾಡಿದವನು ಇವನೊಬ್ಬ. ಹೇಳಿಕೆಯ ಕೊನೆಯಲ್ಲಿ 'ಪ್ರೇರಣೆ' ಎಂಬಲ್ಲಿ ಅವರು 'ಭಯ' ಎಂದು ಬರೆಸಿದರು. ಓದಿ, ಅದು ಅವನಿಗೆ ಕೊಟ್ಟ ಮರ್ಯಾದೆ ಹೆಚ್ಚಾಯಿತೆನ್ನಿಸಿ, 'ಭಯ ಮತ್ತು ಅದು ತಿಳಿದೀತೆಂಬ ನಾಚಿಕೆ' ಎಂದು ತಿದ್ದಿಸಿದರು.

ಎಂಟು ಗಂಟೆಗೆ ಹೊರಬೆಂಚಿನ ಮೇಲೆ ಸುಧಾಮಣಿ ಕೂತಿದ್ದರು. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬ. ಒಳಗಿನಿಂದ ವಾಫುಲಾ ಬಂದ. ಪಾಸ್‌ಪೋರ್ಟು ಹಿಂದಿರುಗಿಸಿ, ಸಹಿ ಹಾಕಿಸಿಕೊಂಡು ಅವನನ್ನು ಕಳಿಸಿದ್ದರು. ಬಾಗಿಲವರೆಗೂ ಜೊತೆಗೆ ಬಂದ ವೆಂಕಟಸ್ವಾಮಿ ಏನೋ ಹೇಳಬೇಕೆಂದು ಹೇಳದೆ, 'ಆಟೊದವನು ಮೀಟರ್ ಮೇಲೆ ಕೇಳಿದ್ರೆ ಕೊಡ್ಬೇಡ' ಎಂದಷ್ಟೇ ಹೇಳಿ ನಿಂತರು.

ಸುಧಾಮಣಿ ಎದ್ದು ನಿಂತರು. ಆ ಹುಡುಗ ಮೂರು ವರ್ಷ ಅವರ ತಲೆಯ ಮೇಲಿನ ಕೋಣೆಯಲ್ಲಿದ್ದ. ಹಬ್ಬದ ದಿನ ಒಮ್ಮೆಯೂ ಅವನಿಗೆ ಮೇಲಕ್ಕೆ ಏನನ್ನೂ ಕಳಿಸಿರಲಿಲ್ಲ. ಈಗ ಕೈಯಲ್ಲಿದ್ದ ಡಬ್ಬವನ್ನೇ ಮುಂದೆ ಚಾಚಿದರು.

"ಚಿತ್ರಾನ್ನ ಇದೆ. ನೀನು ಬೆಳಿಗ್ಗೆಯಿಂದ ಏನು ತಿಂದ್ಯೋ ಏನೋ. ತಗೋಪ್ಪ."

ವಾಫುಲಾ ಡಬ್ಬವನ್ನು ನೋಡಿದ. ಆಮೇಲೆ ಲಾಕಪ್ಪಿನ ಕಡೆ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಳಗಿನಿಂದ ಆಕೆಯ ಬಾಯಲ್ಲಿ ಅವನು ಮೂರು ವರ್ಷ ಕೇಳಿದ್ದ ಕನ್ನಡವೇ ಅವನ ಬಾಯಲ್ಲೂ ಬಂತು.

"ಬೇಡ ಆಂಟಿ. ಅವನಿಗೇ ಕೊಡಿ. ಅವನಿಗೆ ಹೊರಗಿನ ಊಟ ಆಗಲ್ಲ."

ಮೆಟ್ಟಿಲಿಳಿದು ಬೀದಿಗೆ ನಡೆದ.